ಮಾಜಿ ಸೈನಿಕರ ಅಂಗವೈಕಲ್ಯ ಪ್ರಮಾಣ

ಸೇನೆಯಿಂದ ಬಿಡುಗಡೆಯಾಗುವ ಯೋಧನ ಗಾಯ ಅಥವಾ ಕಾಯಿಲೆ ಅವನ ದೇಹಶಕ್ತಿಯನ್ನು ಎಷ್ಟು ಕುಗ್ಗಿಸಿದೆ ಎಂಬುದನ್ನು ವೈದ್ಯಕೀಯ ಮಂಡಳಿ ಶೇಕಡಾ ಲೆಕ್ಕದಲ್ಲಿ ಅಳೆದು, ಅದರ ಮೇಲೆ ಪಿಂಚಣಿ ಕಟ್ಟುವ ಪದ್ಧತಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮಾಜಿ ಯೋಧರು ಇದನ್ನು ಬರೀ ‘ಪರ್ಸೆಂಟೇಜ್’ ಅನ್ನುತ್ತಾರೆ. ಪಿಂಚಣಿಯ ಹಣೆಬರಹ ನಿರ್ಧಾರವಾಗುವುದು ಮಾತ್ರ ಅಂಕಿಯಿಂದಲ್ಲ, ಕಾಯಿಲೆಗೂ ಸೇವೆಗೂ ಇರುವ ನಂಟಿನಿಂದ. ಆ ನಂಟನ್ನು ಸಾಬೀತು ಮಾಡಬೇಕಾದವರು ಯಾರು ಎಂಬ ಜಗಳವೇ ಈ ಪದ್ಧತಿಯ ಇತಿಹಾಸ.

ಹಳೆಯ ಕಾಲದಲ್ಲಿ ಅಳತೆ ಇರಲಿಲ್ಲ, ಕೊಡುಗೆ ಇತ್ತು. ಕಾಳಗದಲ್ಲಿ ಸತ್ತವರ ಅಥವಾ ಗಾಯಗೊಂಡವರ ಮನೆಗೆ ಬಿಟ್ಟ ಭೂಮಿಯನ್ನು ಶಾಸನಗಳು ‘ನೆತ್ತರುಗೊಡಗೆ’ ಎನ್ನುತ್ತವೆ. ಚನ್ನಪಟ್ಟಣಕ್ಕೆ ಅಂಟಿಕೊಂಡ ಮದ್ದೂರು ತಾಲ್ಲೂಕಿನ ಆತಕೂರು ಶಾಸನದಲ್ಲಿ, ತಕ್ಕೋಲದ ಯುದ್ಧದಲ್ಲಿ (949) ಮೆರೆದ ಮಣಲೇರನಿಗೆ ‘ಬಾಳ್ಗಚ್ಚು’, ಅಂದರೆ ಕತ್ತಿ ತೊಳೆದು ಕೊಟ್ಟ ಉಂಬಳಿ, ಸಿಕ್ಕಿದ ಪ್ರಸಂಗವಿದೆ. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯ ಕಥೆಯಿಂದ ಈ ಕಲ್ಲು ಹೆಸರಾಗಿದೆ; ಉಂಬಳಿಯ ಮಾತು ಅದರ ಮರೆಯಲ್ಲಿ ಉಳಿದುಹೋಗಿದೆ. ಅಲ್ಲಿ ಅಳೆದದ್ದು ಶೌರ್ಯವನ್ನು, ಗಾಯವನ್ನಲ್ಲ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳು ಸೈನಿಕರಿಗೂ ಮಾಜಿ ಸೈನಿಕರಿಗೂ ಇಟ್ಟ ಶೇಕಡಾ 10ರ ಪಾಲನ್ನು ಆ ಕೊಡಗೆಯ ದೂರದ ನೆಂಟ ಎನ್ನಬಹುದು.

ಶೇಕಡಾವಾರು ಅಳತೆ ಬ್ರಿಟಿಷರಿಂದ ಬಂದದ್ದು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ ರುಜುವಾತಿನ ಹೊರೆಯನ್ನು ಯೋಧನ ತಲೆಯಿಂದ ಇಳಿಸಿ ಸರ್ಕಾರದ ಮೇಲೆ ಹೊರಿಸಿತು. ಭಾರತದ 1982ರ ಅರ್ಹತಾ ನಿಯಮಗಳಲ್ಲಿ ಅದೇ ಧ್ವನಿ ಕೇಳಿಸುತ್ತದೆ. ಭರ್ತಿಯಾದಾಗ ದಾಖಲೆಯಲ್ಲಿ ಯಾವ ರೋಗವೂ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿದ್ದನೆಂದೇ ಎಣಿಸಬೇಕು. ವೈದ್ಯಕೀಯ ಕಾರಣಕ್ಕೆ ಮನೆಗೆ ಕಳಿಸಿದರೆ ಆರೋಗ್ಯ ಕೆಟ್ಟದ್ದು ಸೇವೆಯಿಂದಲೇ ಎಂದು ತಿಳಿಯಬೇಕು. ಸಂಶಯ ಬಂದರೆ ಅದರ ಲಾಭ ಯೋಧನಿಗೆ.

ಕಾಗದದ ಮೇಲೆ ಹೀಗಿದ್ದರೂ ಕಡತಗಳಲ್ಲಿ ನಡೆದದ್ದು ಬೇರೆ. ‘ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ’ ಎಂಬ ಷರಾಕ್ಕೆ ಇಂಗ್ಲಿಷ್ ಮೊದಲಕ್ಷರಗಳಲ್ಲಿ ‘ನಾನಾ’ ಎಂಬ ಹೆಸರಿದೆ. ಕನ್ನಡದ ಕಿವಿಗೆ ಬಗೆಬಗೆ ಎಂದು ಕೇಳುವ ಈ ಪದ ಕಡತದಲ್ಲಿ ಬಿದ್ದರೆ ಉಳಿಯುವುದು ಒಂದೇ ಅರ್ಥ: ಅಂಗವೈಕಲ್ಯ ಪಿಂಚಣಿ ಇಲ್ಲ. ಸಿಗ್ನಲ್ಸ್ ಪಡೆಗೆ 1985ರಲ್ಲಿ ಸೇರಿದ್ದ ಧರಮ್‌ವೀರ್ ಸಿಂಗ್ ಅವರನ್ನು ಮೂರ್ಛೆಯ ಕಾರಣಕ್ಕೆ 1994ರಲ್ಲಿ ಶೇಕಡಾ 20ರ ಅಂಗವೈಕಲ್ಯದೊಂದಿಗೆ ಹೊರಗೆ ಕಳಿಸಲಾಯಿತು, ಪಿಂಚಣಿ ಸಿಗಲಿಲ್ಲ. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತು. ಭರ್ತಿಯ ವೇಳೆ ರೋಗವನ್ನು ಬರೆದಿಟ್ಟಿಲ್ಲವಾದರೆ, ಅದು ಸೇವೆಯದ್ದಲ್ಲ ಎಂದು ಸರ್ಕಾರವೇ ಕಾರಣ ಕೊಟ್ಟು ತೋರಿಸಬೇಕು ಎಂಬುದು ಅದರ ಸಾರ. ಅಲ್ಲಿಂದೀಚೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗಳಲ್ಲಿ (ಸ್ಥಾಪನೆ 2009) ವಕೀಲರು ಮತ್ತೆ ಮತ್ತೆ ಎತ್ತುವ ಹೆಸರು ಇದು.

ಒಂದಕ್ಕೊಂದು ಹೊಂದಿಕೊಂಡ ಕಾಯಿಲೆಗಳು ಬಂದಾಗ ಲೆಕ್ಕ ತೊಡಕಾಗುತ್ತದೆ. ಒಂದು ಮಂಡಿ ಹೋದವನು ಇನ್ನೊಂದರ ಮೇಲೆ ಭಾರ ಹಾಕಿ ಅದನ್ನೂ ಕೆಡಿಸಿಕೊಳ್ಳುತ್ತಾನೆ, ಬಿ.ಪಿ. ಇದ್ದವನಿಗೆ ಸಕ್ಕರೆ ಕಾಯಿಲೆ, ಆಮೇಲೆ ಹೃದಯದ ತೊಂದರೆ ಬರುವುದೂ ಉಂಟು. ಅಮೆರಿಕದ ಕಾನೂನು ಮೊದಲ ಕಾಯಿಲೆಯಿಂದ ಹುಟ್ಟಿದ ಎರಡನೆಯದನ್ನೂ ಸೇವೆಯ ಲೆಕ್ಕಕ್ಕೆ ನೇರವಾಗಿ ಸೇರಿಸುತ್ತದೆ. ಕೂಡುವ ಬಗೆಯೂ ವಿಚಿತ್ರ: 50ಕ್ಕೆ 30 ಸೇರಿದರೆ 80 ಅಲ್ಲ. ಮೊದಲ ಕಾಯಿಲೆ ಬಿಟ್ಟ 50ರಲ್ಲಿ ಶೇಕಡಾ 30, ಅಂದರೆ 15 ಸೇರಿ 65 ಆಗಿ, ಕೊನೆಗೆ 70ಕ್ಕೆ ಏರುತ್ತದೆ. ಭಾರತದಲ್ಲಿ ಮಂಡಳಿ ಪ್ರತಿ ಕಾಯಿಲೆಗೂ ಬೇರೆ ಅಂಕಿ, ಬೇರೆ ಷರಾ ಬರೆಯುತ್ತದೆ. ಬಳಿಕ ಎಲ್ಲಕ್ಕೂ ಸೇರಿ ಒಂದು ಸಂಯುಕ್ತ ಪ್ರಮಾಣ. ಸೇವೆಯ ನಂಟು ಒಪ್ಪಿದ ಕಾಯಿಲೆಯಷ್ಟೇ ಪಿಂಚಣಿಗೆ ಗಣನೆಗೆ ಬರುತ್ತದೆ. ಪಕ್ಕದಲ್ಲಿರುವ ‘ನಾನಾ’ ಕಾಯಿಲೆ ದೇಹದಲ್ಲಿ ಇರುತ್ತದೆ, ಹಣದಲ್ಲಿ ಇರುವುದಿಲ್ಲ.

ಅಳತೆಗೋಲು ಅದೇ ವಯಸ್ಸಿನ ಆರೋಗ್ಯವಂತ ಮನುಷ್ಯ, ಯೋಧನ ಮುಂದಿನ ಕಸುಬಲ್ಲ. ಸಿಪಾಯಿ ಹದಿನೈದು ಹದಿನೇಳು ವರ್ಷ ದುಡಿದು ನಲವತ್ತರೊಳಗೇ ಊರಿಗೆ ಬರುತ್ತಾನೆ. ಕನಕಪುರದ ಹಿಪ್ಪುನೇರಳೆ ತೋಟದಲ್ಲಿ ಬಗ್ಗಿ ಸೊಪ್ಪು ಕೊಯ್ಯುವವನಿಗೂ ಮೇಜಿನ ಮುಂದೆ ಕೂರುವವನಿಗೂ ಕೆಟ್ಟ ಮಂಡಿಯ ಅಂಕಿ ಒಂದೇ. ನನ್ನ ಮಟ್ಟಿಗೆ ಪದ್ಧತಿಯ ದೊಡ್ಡ ಕುರುಡು ಇದು.

ಹಣದ ಸೂತ್ರ ಸರಳ. ಶೇಕಡಾ 100ರ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇಕಡಾ 30. ಕಡಿಮೆ ಪ್ರಮಾಣಕ್ಕೆ ಅದೇ ಅನುಪಾತ. ಶೇಕಡಾ 20ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಏನೂ ಇಲ್ಲ. 1996ರಿಂದ ಅಂಕಿಯನ್ನು ಮೇಲಕ್ಕೆ ಸುತ್ತುವ ಸೌಲಭ್ಯ ಬಂತು: 50ಕ್ಕಿಂತ ಕಡಿಮೆ ಇದ್ದರೆ 50, ಅದರ ಮೇಲೆ 75, ಮತ್ತೂ ಮೇಲೆ 100. ವೇತನ 40,000 ಇದ್ದವನ ಶೇಕಡಾ 20ರ ಪಾಲು 2,400 ರೂಪಾಯಿಯಾದರೆ ಸುತ್ತಿದ ಮೇಲೆ 6,000. ಮೊದಲು ಇದು ಅವಧಿಗೆ ಮುಂಚೆ ಹೊರಬಿದ್ದವರಿಗಷ್ಟೇ ಇತ್ತು. 2014ರ ಡಿಸೆಂಬರ್ 10ರ ರಾಮ್ ಅವತಾರ್ ಪ್ರಕರಣದ ತೀರ್ಪು ಅವಧಿ ಮುಗಿಸಿ ಬಂದವರಿಗೂ ವಿಸ್ತರಿಸಿತು.

ತೀರ್ಪುಗಳು ಬಾಗಿಲು ತೆರೆದಂತೆ ನಿಯಮಗಳು ಅದನ್ನು ಅರೆಮುಚ್ಚುತ್ತ ಬಂದವು. 2008ರ ನಿಯಮಗಳು ಸೇವೆಯಲ್ಲಿದ್ದಾಗ ರೋಗ ಕಾಣಿಸಿಕೊಂಡ ಮಾತ್ರಕ್ಕೆ ಅದು ಸೇವೆಯದ್ದಾಗದು ಎಂದವು. ನಿವೃತ್ತರಾಗುವ ಅಧಿಕಾರಿಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಅಂಗವೈಕಲ್ಯ ಪಿಂಚಣಿ ಪಡೆಯುತ್ತಿದ್ದಾರೆ, ಸಿಪಾಯಿಗಳಲ್ಲಿ ಆ ಪಾಲು ಅದರ ಅರ್ಧದಷ್ಟು ಎಂದು ಲೆಕ್ಕ ಪರಿಶೋಧಕರು 2023ರಲ್ಲಿ ಎತ್ತಿ ತೋರಿಸಿದರು. ಅದೇ ವರ್ಷ ಸೆಪ್ಟೆಂಬರ್ 21ರಂದು ಜಾರಿಯಾದ ಹೊಸ ನಿಯಮಗಳು ಮಾನದಂಡಗಳನ್ನು ಬಿಗಿಗೊಳಿಸಿದವು. ಸೇವೆಯಲ್ಲೇ ಮುಂದುವರಿದು ನಿವೃತ್ತರಾದವರ ಸೌಲಭ್ಯಕ್ಕೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಹೊಸ ಹೆಸರೂ ಬಂತು.

ಊರಿಗೆ ಬಂದ ಯೋಧನಿಗೆ ಇನ್ನೊಂದು ತಕ್ಕಡಿ ಕಾದಿರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರ ಕೊಡುವ ಯುಡಿಐಡಿ ಎಂಬ ಅಂಗವೈಕಲ್ಯ ಗುರುತಿನ ಕಾರ್ಡಿಗೆ ಕಾರಣ ಬೇಕಿಲ್ಲ, ಪ್ರಮಾಣ ಸಾಕು. ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇಕಡಾ 40 ಇರಬೇಕು. ಕಾಲಿಗೆ 30, ಕಿವಿಗೆ 20 ಎಂದು ಸೇನೆಯ ಮಂಡಳಿ, ಜಿಲ್ಲೆಯ ಪ್ರಾಧಿಕಾರ ಎರಡೂ ಬರೆದವೆನ್ನಿ. ಕಿವಿ ‘ನಾನಾ’ ಆದರೆ ಸೇನೆಯ ಕಡತದಲ್ಲಿ ಲೆಕ್ಕಕ್ಕೆ ಬರುವುದು 30. ಜಿಲ್ಲೆಯ ವೈದ್ಯರು ದೊಡ್ಡ ಅಂಕಿಯನ್ನು 90ರಿಂದ ಕಳೆದು, ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡದಕ್ಕೆ ಕೂಡುತ್ತಾರೆ: 43.