ಮೇರಿ ಸೂ: ಹೆಸರೊಂದು ಬೈಗುಳವಾದ ಬಗೆ

ಕತೆಯಲ್ಲಿ ಎಲ್ಲವನ್ನೂ ಬಲ್ಲ, ಎಂದೂ ಸೋಲದ, ಎಲ್ಲರೂ ಮೆಚ್ಚುವ ಹೆಣ್ಣೊಬ್ಬಳು ಬಂದರೆ ಇಂಗ್ಲಿಷ್ ಓದುಗರು ಅವಳನ್ನು 'ಮೇರಿ ಸೂ' ಎಂದು ತಳ್ಳಿಹಾಕುವುದುಂಟು. ಈ ಪದ ಹುಟ್ಟಿದ್ದು 1973ರಲ್ಲಿ, ಅಮೆರಿಕದಲ್ಲಿ.

'ಸ್ಟಾರ್ ಟ್ರೆಕ್' ಟಿವಿ ಧಾರಾವಾಹಿ 1969ರಲ್ಲಿ ನಿಂತುಹೋದರೂ ಅಭಿಮಾನಿಗಳು ಅದರ ಪಾತ್ರಗಳನ್ನೇ ಇಟ್ಟುಕೊಂಡು ಹೊಸ ಕತೆ ಹೆಣೆದು, ತಾವೇ ಹೊರತರುತ್ತಿದ್ದ ಪುಟ್ಟ ಪತ್ರಿಕೆಗಳಲ್ಲಿ ಹಂಚಿಕೊಳ್ಳುತ್ತಿದ್ದರು. ಬರೆಯುವವರಲ್ಲಿ ಹೆಂಗಸರೇ ಹೆಚ್ಚು. ಅವರ ಕತೆಗಳಲ್ಲಿ ಒಂದೇ ಅಚ್ಚಿನ ಹುಡುಗಿ ಮತ್ತೆ ಮತ್ತೆ ಬರುತ್ತಿದ್ದಳು. 'ಮೆನಾಜರಿ' ಎಂಬ ಪತ್ರಿಕೆಯಲ್ಲಿ ಪೌಲಾ ಸ್ಮಿತ್ ಅವಳನ್ನು ಅಣಕಿಸಿ ಒಂದು ಪುಟ್ಟ ಕತೆ ಬರೆದರು. ನಾಯಕಿ ಲೆಫ್ಟಿನೆಂಟ್ ಮೇರಿ ಸೂ, ವಯಸ್ಸು ಹದಿನೈದೂವರೆ. ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ನನ ಮನಗೆಲ್ಲುತ್ತಾಳೆ, ಎಲ್ಲರ ಜೀವ ಉಳಿಸುತ್ತಾಳೆ, ಕೊನೆಗೆ ಎಲ್ಲರೂ ಅಳುವಂತೆ ಮಾಡಿ ಸಾಯುತ್ತಾಳೆ. ಬರೆಯುವ ಹೆಣ್ಣೊಬ್ಬಳು ಜೊತೆಯ ಬರಹಗಾರ್ತಿಯರಿಗೆ ಹೇಳಿದ ಕಸುಬಿನ ಮಾತು ಅದು.

ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. 1992ರಲ್ಲಿ ಕ್ಯಾಮಿಲ್ ಬೇಕನ್-ಸ್ಮಿತ್ ಅಭಿಮಾನಿ ಬರಹಗಾರ್ತಿಯರ ಬಗ್ಗೆ ಪುಸ್ತಕ ತರುವ ಹೊತ್ತಿಗೆ, ಮೇರಿ ಸೂ ಎಂಬ ಹಣೆಪಟ್ಟಿಗೆ ಹೆದರಿ ಹೆಣ್ಣನ್ನು ಮುಖ್ಯಪಾತ್ರ ಮಾಡಲೇ ಹಿಂಜರಿಯುವವರಿದ್ದರು. ಗಂಡಿಗಾಗಿ 'ಗ್ಯಾರಿ ಸ್ಟೂ' ಎಂಬ ಜೋಡಿ ಪದ ಆಮೇಲೆ ಬಂತು, ಆದರೆ ಅದು ಅಷ್ಟು ಬಳಕೆಗೆ ಬರಲೇ ಇಲ್ಲ.

ಬರದಿರಲು ಕಾರಣವಿದೆ. ನೌಕಾ ಬೇಹುಗಾರಿಕೆಯಲ್ಲಿ ದುಡಿದ ಇಯಾನ್ ಫ್ಲೆಮಿಂಗ್ 1953ರಲ್ಲಿ ಜೇಮ್ಸ್ ಬಾಂಡ್ ಎಂಬ ಗೂಢಚಾರನನ್ನು ಓದುಗರ ಮುಂದಿಟ್ಟ; ತನ್ನದೇ ಕಮಾಂಡರ್ ಪದವಿಯನ್ನು ಅವನಿಗೆ ಕೊಟ್ಟ. ಬರಹಗಾರನ ಕನಸೇ ನಾಯಕನಾದ ಆ ಪಾತ್ರವನ್ನು ಜಗತ್ತು ಹೀರೋ ಎಂದಿತು. 1977ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಹೊಲಮನೆಯ ಹುಡುಗ ಲ್ಯೂಕ್ ತಾನೇ ಯುದ್ಧನೌಕೆ ನಡೆಸಿದ ಮೊದಲ ಕದನದಲ್ಲೇ ಶತ್ರುವಿನ ಮಹಾಕೋಟೆಯನ್ನು ಉಡಾಯಿಸಿದ; ಜನ ಚಪ್ಪಾಳೆ ತಟ್ಟಿದರು. ಅದೇ ಸರಣಿಯಲ್ಲಿ 2015ರಲ್ಲಿ ರೇ ಎಂಬ ಹುಡುಗಿ ಯಾರೂ ಕಲಿಸದೆ ಹೋರಾಡಿ ಗೆದ್ದಾಗ ಮೇರಿ ಸೂ ಎಂಬ ಕೂಗೆದ್ದಿತು. ಗಂಡಿನ ಗೆಲುವನ್ನು ಕತೆಯ ಸಹಜ ನಡೆಯೆಂದು ಒಪ್ಪಿಕೊಂಡವರೇ ಹೆಣ್ಣಿನ ಗೆಲುವಿಗೆ ಪುರಾವೆ ಕೇಳಿದರು.

ಸ್ಮಿತ್ ತೋರಿಸಿದ ದೋಷ ನಿಜವಾದದ್ದೇ. ಒಂದು ಪಾತ್ರವನ್ನು ಮೆರೆಸಲೆಂದು ಉಳಿದವರೆಲ್ಲ ಪೆದ್ದರಾಗಬೇಕಾದರೆ ಕತೆ ಸೊರಗುತ್ತದೆ. ಆ ದೋಷವನ್ನು ಹುಡುಕುವವರು ಬಾಂಡ್‌ನಲ್ಲೂ ಲ್ಯೂಕ್‌ನಲ್ಲೂ ಹುಡುಕಲಿ. ಅಲ್ಲಿ ಕಾಣದ್ದು ರೇಯಲ್ಲಿ ಮಾತ್ರ ಕಂಡರೆ, ಅವರು ತೂಗುತ್ತಿರುವುದು ಕತೆಯನ್ನಲ್ಲ, ಹೆಣ್ಣನ್ನು.