ವೇದಿಕೆ ಕುಸಿಯುವುದು ಜನರ ಭಾರಕ್ಕೋ, ಗಾಳಿಯ ಹೊಡೆತಕ್ಕೋ?

ಕಾರ್ಯಕ್ರಮದ ನಡುವೆ ವೇದಿಕೆ ಕುಸಿಯುವ ವಿಡಿಯೊ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೆ ‘ಅಷ್ಟೊಂದು ಜನ ಹತ್ತಿದ್ರೆ ಇನ್ನೇನಾಗುತ್ತೆ’ ಎಂಬ ಮಾತೂ ಇರುತ್ತದೆ. ಇದು ಅರ್ಧ ಸತ್ಯ. 2024ರ ಜನವರಿಯಲ್ಲಿ ದೆಹಲಿಯ ಕಾಲ್ಕಾಜಿ ದೇವಸ್ಥಾನದ ಜಾಗರಣೆಯಲ್ಲಿ ಆಗಿದ್ದು ಅದೇ. ಜನ ನುಗ್ಗಿ ಹತ್ತಿದ ಮರ-ಕಬ್ಬಿಣದ ಅಟ್ಟಣೆ ಕುಸಿದು ಒಬ್ಬ ಮಹಿಳೆ ತೀರಿಕೊಂಡರು, 17 ಮಂದಿ ಗಾಯಗೊಂಡರು. ಆ ಕಾರ್ಯಕ್ರಮಕ್ಕೆ ಅನುಮತಿಯೇ ಇರಲಿಲ್ಲ ಎಂದು ಪೊಲೀಸರು ಹೇಳಿದರು.

ಆದರೆ ಬಯಲಿನಲ್ಲಿ ಕಟ್ಟುವ ದೊಡ್ಡ ವೇದಿಕೆಗಳಿಗೆ ಇನ್ನೊಬ್ಬ ಶತ್ರುವಿದ್ದಾನೆ, ಗಾಳಿ. 2011ರ ಆಗಸ್ಟ್ 13ರಂದು ಅಮೆರಿಕದ ಇಂಡಿಯಾನಾ ರಾಜ್ಯ ಮೇಳದಲ್ಲಿ ಮುಖ್ಯ ತಂಡದ ಸಂಗೀತ ಕಾರ್ಯಕ್ರಮ ಶುರುವಾಗುವ ಮೊದಲೇ ವೇದಿಕೆಯ ಮೇಲ್ಛಾವಣಿ ಉರುಳಿ 7 ಜನ ಸತ್ತರು. ಗುಡುಗು ಮಳೆಗೆ ಮುಂಚೆ ನುಗ್ಗಿದ ಗಾಳಿಯ ವೇಗ ಗಂಟೆಗೆ ಸುಮಾರು 95 ಕಿ.ಮೀ. ಇತ್ತು. ಛಾವಣಿಯನ್ನು ಎಳೆದು ಹಿಡಿಯುವ ತಂತಿಗಳನ್ನು ಭಾರವಾದ ಕಾಂಕ್ರೀಟ್ ತಡೆಗೋಡೆಗಳಿಗೆ ಕಟ್ಟಿದ್ದರು. ಈ ವ್ಯವಸ್ಥೆಗೆ ಬೇಕಾದಷ್ಟು ಶಕ್ತಿಯೇ ಇರಲಿಲ್ಲ ಎಂದು ತನಿಖೆ ಹೇಳಿತು. ‘ಕಾಂಕ್ರೀಟ್‌ಗೆ ಕಟ್ಟಿದ್ದೀವಿ, ಏನೂ ಆಗಲ್ಲ’ ಎನ್ನುವವರಿಗೆ ಈ ಕಥೆ ಹೇಳಬೇಕು. ನೆಲದ ಮೇಲೆ ಸುಮ್ಮನೆ ಇಟ್ಟ ಭಾರ ಅಡ್ಡಕ್ಕೆ ಎಳೆದಾಗ ಜಾರುತ್ತದೆ. ಒದ್ದೆ ನೆಲದಲ್ಲಿ ಇನ್ನೂ ಬೇಗ.

ಫ್ಲೆಕ್ಸ್ ಎಂಬ ಹಾಯಿ

ಒಂದು ಸಣ್ಣ ಲೆಕ್ಕ ಮಾಡೋಣ. ವೇದಿಕೆಯ ಹಿಂದೆ 40 ಅಡಿ ಅಗಲ, 20 ಅಡಿ ಎತ್ತರದ ಫ್ಲೆಕ್ಸ್ ಇದೆ ಎಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ ಅದರ ಮೇಲೆ ಬೀಳುವ ಒತ್ತಡ ಸ್ಥೂಲವಾಗಿ 1,250 ಕಿಲೋ ತೂಕಕ್ಕೆ ಸಮ. ವೇಗ 90ಕ್ಕೆ ಏರಿದರೆ ಅದು 2,800 ಕಿಲೋ ದಾಟುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ, ಎಲ್ಲರೂ ತಪ್ಪುವುದು ಇಲ್ಲೇ. ದೋಣಿ ಓಡಿಸಲು ಹಾಯಿ ಕಟ್ಟುವುದೂ ಇದೇ ಒತ್ತಡವನ್ನು ನಂಬಿ.

ಹಾಗಾದರೆ ಫ್ಲೆಕ್ಸ್‌ಗೆ ತೂತು ಕೊಯ್ದರೆ ಗಾಳಿ ಹಾದುಹೋಗುವುದಿಲ್ಲವೇ? ನಮ್ಮಲ್ಲಿ ಇದು ಬಹಳ ಹಳೆಯ ನಂಬಿಕೆ. ಮೇಲಿನ ಫ್ಲೆಕ್ಸ್‌ನ ವಿಸ್ತೀರ್ಣ 800 ಚದರ ಅಡಿ. ಒಂದೊಂದು ಚದರ ಅಡಿಯ 20 ತೂತು ಕೊಯ್ದರೂ ಹೋಗುವುದು ಶೇ. 2.5 ಮಾತ್ರ. ಉಳಿದ 780 ಚದರ ಅಡಿ ಹಾಗೇ ಗಾಳಿ ಹಿಡಿಯುತ್ತದೆ. ಜಾಲರಿ ಬಟ್ಟೆಯ ಬ್ಯಾನರ್ ಹಾಕುವುದು ಇದಕ್ಕಿಂತ ಮೇಲು. ಗಾಳಿ ಎದ್ದಾಗ ತಕ್ಷಣ ಇಳಿಸುವಂತೆ ಕಟ್ಟುವುದು ಎಲ್ಲಕ್ಕಿಂತ ಮೇಲು.

ಬೀದರ್‌ನ ನೆಲ, ಬೀದರ್‌ನ ಗಾಳಿ

ಬೀದರ್ ಕೋಟೆ ಆವರಣದಲ್ಲಿ 2023ರ ಜನವರಿಯಲ್ಲಿ ಬೀದರ್ ಉತ್ಸವ ನಡೆಯಿತು. ಜನವರಿ ಒಳ್ಳೆಯ ಆಯ್ಕೆ, ಆಗ ಇಲ್ಲಿ ಮಳೆಗಾಳಿಯ ಕಾಟ ಕಡಿಮೆ. ಬಸವ ಜಯಂತಿ ಹಾಗಲ್ಲ. ಅಕ್ಷಯ ತೃತೀಯದಂದು, ಅಂದರೆ ಏಪ್ರಿಲ್-ಮೇ ತಿಂಗಳಲ್ಲಿ ಬರುತ್ತದೆ. ಹಗಲಿಡೀ ಬಿಸಿಲು ಕಾದು ಸಂಜೆ ಹೊತ್ತಿಗೆ ದಿಢೀರನೆ ಬಿರುಗಾಳಿ, ಗುಡುಗು, ಆಲಿಕಲ್ಲು ಬರುವುದು ಇದೇ ಕಾಲದಲ್ಲಿ. ನಮ್ಮ ಸಂಗೀತ ಕಾರ್ಯಕ್ರಮಗಳು ಶುರುವಾಗುವುದೂ ಅದೇ ಹೊತ್ತಿಗೆ!

ನೆಲದ ಕಥೆಯೇ ಬೇರೆ. ಬೀದರ್ ನಗರ ನಿಂತಿರುವುದು ಗಟ್ಟಿ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿ ಗೂಟ ಆಳಕ್ಕೆ ಇಳಿಯುವುದೇ ಕಷ್ಟ. ಭಾಲ್ಕಿ, ಔರಾದ್ ಕಡೆ ಎರೆ ಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿದು ನಿಂತಿರುತ್ತದೆ, ಒಂದು ಮಳೆ ಬಿದ್ದರೆ ಮೆತ್ತಗಾಗುತ್ತದೆ. ಮಧ್ಯಾಹ್ನ ಅಲ್ಲಾಡದ ಗೂಟ ರಾತ್ರಿ ಕೈಯಲ್ಲೇ ಕಿತ್ತು ಬರಬಹುದು. ಕಂಬದ ಬುಡಕ್ಕೆ ಅಗಲವಾದ ಹಲಗೆ ಇಡದಿದ್ದರೆ ಒಂದು ಬದಿ ಕುಸಿದು ಇಡೀ ಚೌಕಟ್ಟು ವಾಲುತ್ತದೆ. ಆದ್ದರಿಂದ ಮಳೆ ಬಂದು ನಿಂತ ಮೇಲೆ ‘ಇನ್ನೇನು ಭಯವಿಲ್ಲ’ ಎಂದು ಮತ್ತೆ ಶುರುಮಾಡುವ ಮೊದಲು ಪ್ರತಿ ಗೂಟ, ಪ್ರತಿ ಹಗ್ಗವನ್ನು ಮತ್ತೊಮ್ಮೆ ನೋಡಬೇಕು.

ಗಾಳಿಯ ಭಾರಕ್ಕೆ ನಮ್ಮ ದೇಶದ ಮಾನದಂಡ ಐಎಸ್ 875ರ 3ನೇ ಭಾಗ. ಅದರ ಪ್ರಕಾರ ಬೆಂಗಳೂರಿನ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಬೀದರ್‌ನ ನೆರೆಯ ಹೈದರಾಬಾದ್‌ನದು 44. ತಾತ್ಕಾಲಿಕ ರಚನೆಗಳಿಗೆ ಇದರಲ್ಲಿ ಒಂದಿಷ್ಟು ರಿಯಾಯಿತಿ ಇದೆಯೇ ಹೊರತು ವಿನಾಯಿತಿ ಇಲ್ಲ. ‘ಒಂದೇ ರಾತ್ರಿಯ ಕೆಲಸ, ಎಂಜಿನಿಯರ್ ಯಾಕೆ?’ ಎಂಬ ಮಾತಿಗೆ ಇದೇ ಉತ್ತರ.

ಮಳೆ ಬಂದರೆ ಪೆಂಡಾಲ್ ಒಳಗೆ ಓಡಬೇಕೇ?

ಬೇಡ. 2019ರ ಜೂನ್ 23ರಂದು ರಾಜಸ್ಥಾನದ ಬಾಡಮೇರ್ ಜಿಲ್ಲೆಯ ಜಸೋಲ್‌ನಲ್ಲಿ ರಾಮಕಥೆ ನಡೆಯುವಾಗ ಬಿರುಗಾಳಿಗೆ ಪೆಂಡಾಲ್ ಕುಸಿದು 14 ಜನ ಸತ್ತರು. ಕೆಲವರ ಜೀವ ತೆಗೆದಿದ್ದು ವಿದ್ಯುತ್. ನಮ್ಮದೇ ಗದಗ ಜಿಲ್ಲೆಯ ಸೊರಣಗಿಯಲ್ಲಿ 2024ರ ಜನವರಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ಪ್ರಾಣ ಬಿಟ್ಟರು. ಬಟ್ಟೆಯ ಮೇಲೆ ನಿಲ್ಲುವ ನೀರೂ ಹಗುರವಲ್ಲ. ಒಂದು ಚದರ ಮೀಟರ್‌ನಲ್ಲಿ 10 ಸೆಂ.ಮೀ. ನೀರು ನಿಂತರೆ 100 ಕಿಲೋ.

ಪ್ರೇಕ್ಷಕರಾಗಿ ಹೋದಾಗ ಧ್ವನಿವರ್ಧಕದ ಗೋಪುರ, ಎಲ್‌ಇಡಿ ಪರದೆ, ಲೈಟು ಕಟ್ಟಿದ ಟ್ರಸ್ ಇವುಗಳ ಎತ್ತರಕ್ಕಿಂತ ಹೆಚ್ಚು ದೂರದಲ್ಲಿ ಕುಳಿತುಕೊಳ್ಳಿ. ತಣ್ಣನೆಯ ಗಾಳಿ ಇದ್ದಕ್ಕಿದ್ದಂತೆ ಬೀಸಿ ಧೂಳೆದ್ದರೆ ಮಳೆಹನಿಗೆ ಕಾಯದೆ ಹೊರಡಿ, ಗಟ್ಟಿ ಕಟ್ಟಡ ಸೇರಿ. ಮರ ಮತ್ತು ಕಬ್ಬಿಣದ ಕಂಬ ಮುಟ್ಟಬೇಡಿ. ಸಿಡಿಲಿನ ಸೂಚನೆಗೆ ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ ಆ್ಯಪ್ ಉಚಿತ.

ನೀವು ಉತ್ಸವ ಸಮಿತಿಯಲ್ಲಿದ್ದರೆ ಪೆಂಡಾಲ್ ಗುತ್ತಿಗೆದಾರರನ್ನು ಮೂರು ಪ್ರಶ್ನೆ ಕೇಳಿ: ಇದು ಎಷ್ಟು ವೇಗದ ಗಾಳಿ ತಡೆಯುತ್ತದೆ? ಆ ವೇಗವನ್ನು ಅಳೆಯುವವರು ಯಾರು? ಕಾರ್ಯಕ್ರಮ ನಿಲ್ಲಿಸಿ ಎಂದು ಮೈಕಿನಲ್ಲಿ ಹೇಳುವವರು ಯಾರು? ಮೂರನೆಯದಕ್ಕೆ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮುಖ್ಯ ಅತಿಥಿ ಮಾತಾಡುತ್ತಿದ್ದರೂ ಮೈಕ್ ತೆಗೆದುಕೊಳ್ಳುವ ಅಧಿಕಾರ ಅವರಿಗಿರಲಿ.