ರಹದಾರಿಯಿಲ್ಲದೆ ಬಂದ ಗಿಡ, ಸಿಂಧುವಾದ ಹೆಸರು: ಫ್ರಾಗ್ಮಿಪೀಡಿಯಂ ಕೊವಾಚಿಯೈ ವಿವಾದದ ಮರುಪರಿಶೀಲನೆ

ಉತ್ತರ ಪೆರುವಿನಲ್ಲಿ, ಆಂಡಿಸ್ ಪರ್ವತದ ಪೂರ್ವ ಇಳಿಜಾರಿನ ಮಂಜುಗಾಡುಗಳಲ್ಲಿ ಬೆಳೆಯುವ ಫ್ರಾಗ್ಮಿಪೀಡಿಯಂ ಕೊವಾಚಿಯೈ ಸ್ವತಂತ್ರ ಪ್ರಭೇದವೆಂಬುದರಲ್ಲಿ ಯಾರದೂ ತಕರಾರಿಲ್ಲ. ಪಾದರಕ್ಷೆಯಂಥ ತುಟಿದಳ ಮತ್ತು ಎರಡು ಫಲವಂತ ಕೇಸರಗಳಿಂದಾಗಿ ಅದು ಸೀತಾಳೆಗಳ (ಆರ್ಕಿಡ್) ಸಿಪ್ರಿಪೀಡಿಯಾಯ್ಡೀ ಉಪಕುಟುಂಬಕ್ಕೆ ಸೇರುತ್ತದೆ. ಮೂರು ಕೋಣೆಗಳ ಅಂಡಾಶಯವಿರುವುದರಿಂದ ಏಷ್ಯದ ಪ್ಯಾಫಿಯೊಪೀಡಿಲಂನಿಂದ ಬೇರೆಯಾಗಿ, ಸಸ್ಯವಿಜ್ಞಾನಿ ರಾಲ್ಫ್ 1896ರಲ್ಲಿ ಸ್ಥಾಪಿಸಿದ ಫ್ರಾಗ್ಮಿಪೀಡಿಯಂ ಜಾತಿಯಲ್ಲಿ ನಿಲ್ಲುತ್ತದೆ. ಇಪ್ಪತ್ತು ಸೆಂಟಿಮೀಟರ್‌ವರೆಗೂ ಅಗಲವಾಗಬಲ್ಲ ಅದರ ನೇರಳೆಗೆಂಪು ಹೂವಿಗೆ ಆ ಜಾತಿಯಲ್ಲಿ ಸಾಟಿಯಿಲ್ಲ. ವರ್ಗೀಕರಣ ಇಷ್ಟು ಸಲೀಸಾಗಿ ಮುಗಿಯುವುದು ಅಪರೂಪ. ಜಗಳವಿದ್ದದ್ದು ಹೆಸರಿನಲ್ಲಿ.

ಪೆರುವಿನ ರಸ್ತೆಬದಿಯಲ್ಲಿ ಕೊಂಡ ಗಿಡವೊಂದನ್ನು ಮೈಕೆಲ್ ಕೊವಾಚ್ 2002ರ ಜೂನ್ 5ರಂದು ಫ್ಲಾರಿಡಾದ ಮೇರಿ ಸೆಲ್ಬಿ ಸಸ್ಯೋದ್ಯಾನಕ್ಕೆ ತಂದರು. ಜೂನ್ 12ರಂದು ಅಟ್‌ವುಡ್, ಡಾಲ್‌ಸ್ಟ್ರೋಮ್, ಫರ್ನಾಂಡಿಸ್ ಮೂವರೂ 'ಸೆಲ್ಬಿಯಾನಾ' ಪತ್ರಿಕೆಯ ಪುರವಣಿಯಲ್ಲಿ ಅದನ್ನು ವಿವರಿಸಿ, ತಂದವರ ಹೆಸರನ್ನೇ ಇಟ್ಟರು. ಜೂನ್ 17ರಂದು ಎರಿಕ್ ಕ್ರಿಸ್ಟೆನ್ಸನ್ ಇದೇ ಪ್ರಭೇದವನ್ನು ಫ್ರಾಗ್ಮಿಪೀಡಿಯಂ ಪೆರುವಿಯಾನಂ ಎಂದು ಪ್ರಕಟಿಸಿದರು. ಐದೇ ದಿನಗಳ ಅಂತರ; ಮೊದಲು ಸಿಂಧುವಾಗಿ ಪ್ರಕಟವಾದ ಹೆಸರೇ ನಿಲ್ಲುವುದು ನಿಯಮ. ಇಡೀ ಜಾತಿಯೇ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಒಂದನೇ ಅನುಬಂಧದಲ್ಲಿದ್ದರೂ ಗಿಡ ಬಂದದ್ದು ಪರವಾನಗಿಯಿಲ್ಲದೆ. ಮುಂದೆ ಅಮೆರಿಕದ ನ್ಯಾಯಾಲಯದಲ್ಲಿ ಕೊವಾಚ್ ಮತ್ತು ಉದ್ಯಾನ ಇಬ್ಬರೂ ತಪ್ಪೊಪ್ಪಿಕೊಂಡರು.

ಅಪರಾಧದ ಮೂಲಕ ದೊರೆತ ಮಾದರಿಯ ಮೇಲೆ ನಿಂತ ಹೆಸರನ್ನು ತಳ್ಳಿಹಾಕಿ ಪೆರುವಿಯಾನಂ ಅನ್ನೇ ಉಳಿಸಿಕೊಳ್ಳಬೇಕೆಂಬ ವಾದವುಂಟು. ಅದರ ನೈತಿಕ ಸಿಟ್ಟು ನನಗೆ ಅರ್ಥವಾಗುತ್ತದೆ. ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಆಗ ಜಾರಿಯಲ್ಲಿದ್ದ ಅಂತರರಾಷ್ಟ್ರೀಯ ಸಸ್ಯನಾಮಕರಣ ಸಂಹಿತೆ ಕೇಳುತ್ತಿದ್ದದ್ದು ಇಷ್ಟು: ಲ್ಯಾಟಿನ್ ವಿವರಣೆ, ಮಾದರಿಯ ಉಲ್ಲೇಖ, ಅದನ್ನಿಟ್ಟ ಸಸ್ಯಸಂಗ್ರಹಾಲಯದ ಹೆಸರು, ಮುದ್ರಿತ ಪ್ರತಿಯ ವಿತರಣೆ. ಮಾದರಿ ಯಾರ ಕೈದಾಟಿ ಬಂತೆಂಬ ಪ್ರಶ್ನೆ ಅಲ್ಲಿಲ್ಲ. ವಾರದೊಳಗೆ ಮುದ್ರಿಸಿದ ಅವಸರವನ್ನು ಅಭಿರುಚಿಯ ದೋಷ ಎನ್ನಬಹುದೇನೋ, ಅಸಿಂಧುತ್ವಕ್ಕೆ ಅದು ಕಾರಣವಾಗದು.

2024ರ ಮ್ಯಾಡ್ರಿಡ್ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಕಾಂಗ್ರೆಸ್ ಅವಹೇಳನಕಾರಿಯಾದ 'ಕಾಫ್ರಾ' ಮೂಲದ ಹೆಸರುಗಳನ್ನು ತಿದ್ದಲು ಒಪ್ಪಿದ ಮೇಲೆ, ಸಂಹಿತೆಗೆ ನೀತಿಯ ಗೊಡವೆಯೇ ಇಲ್ಲವೆಂಬ ಹಳೆಯ ಉತ್ತರ ದುರ್ಬಲವಾಗಿದೆ, ನಿಜ. ಆದರೆ ಅಲ್ಲಿ ಕೆಟ್ಟದ್ದು ಹೆಸರೇ. ಓದಿದ ಯಾರಿಗೂ ಕಾಣುವಂಥದ್ದು. ಇಲ್ಲಿ ಕೆಟ್ಟದ್ದು ಮಾದರಿ ಸಾಗಿಬಂದ ದಾರಿ. ಅದನ್ನು ತೀರ್ಮಾನಿಸಲು ಕೋರ್ಟು ಬೇಕು, ವರ್ಷಗಳು ಬೇಕು. ಅಲ್ಲಿಯವರೆಗೂ ಹೆಸರು ತೂಗಾಡುತ್ತಿರಬೇಕು. ವಸಾಹತು ಕಾಲದ ಮಾದರಿಗಳಿಗೂ ಇದೇ ಅಳತೆಗೋಲು ಹಿಡಿದರೆ ನಮ್ಮ ಸಸ್ಯಗಳ ಹೆಸರುಗಳಲ್ಲಿ ಎಷ್ಟು ಉಳಿದಾವು?

ಹಾಗಾದರೆ ಸಂಹಿತೆ ಕೈಕಟ್ಟಿ ಕೂರಬೇಕೆ? ಬೇಡವೆಂಬುದು ನನ್ನ ಪಕ್ಷ. 1990ರಿಂದೀಚೆಗಿನ ಹೆಸರುಗಳಿಗೆ ಮಾದರಿಯನ್ನಿಟ್ಟ ಸಂಗ್ರಹಾಲಯವನ್ನು ಹೇಳುವುದು ಕಡ್ಡಾಯವಾಗಿರುವಾಗ, ಸಂಗ್ರಹಣೆಯ ಪರವಾನಗಿಯನ್ನೂ ಹೇಳಿ ಎನ್ನುವುದು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಇದನ್ನು ಹಿಂಜರಿಕೆಯಿಂದಲೇ ಮುಂದಿಡುತ್ತಿದ್ದೇನೆ. ಪೂರ್ವಾನ್ವಯವಂತೂ ಕೂಡದು. ಸಿಂಧುತ್ವಕ್ಕೆ ಷರತ್ತಾಗುವುದೂ ಬೇಡ, ಸದ್ಯಕ್ಕೆ ಶಿಫಾರಸು ಸಾಕು. ಇಲ್ಲವಾದರೆ ನಕಲಿ ಪರವಾನಗಿಯೊಂದು ಬಯಲಾದ ದಿನ ಹೆಸರೂ ಬೀಳುತ್ತದೆ. ಪರವಾನಗಿ ನೀಡುವ ಕಚೇರಿಗಳ ನಿಧಾನಕ್ಕೆ ಮೊದಲು ಬಲಿಯಾಗುವವರು ಆ ನಾಡಿನ ಸಂಶೋಧಕರೇ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ.

ಭಾರತದ ಅನುಭವ ಇಲ್ಲಿ ಪ್ರಸ್ತುತ. ಅಲ್ಲಿನ ಜೀವವೈವಿಧ್ಯ ಕಾಯ್ದೆಯೂ ಆಕಸ್ಮಿಕವಾಗಿ 2002ರದೇ. ಹೊಸ ಜೀವಪ್ರಭೇದ ಕಂಡುಹಿಡಿದ ಯಾರೇ ಆಗಲಿ ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಸಾಕ್ಷಿಮಾದರಿಯನ್ನು ಅಲ್ಲಿಡಬೇಕೆಂದು ಅದರ 39ನೇ ಕಲಮು ವಿಧಿಸುತ್ತದೆ. ಪಶ್ಚಿಮಘಟ್ಟದ ಸೀತಾಳೆಯೊಂದನ್ನು ಹೊಸದಾಗಿ ವಿವರಿಸುವವರಿಗೂ ಇದು ಅನ್ವಯ. ಆದರೆ ಕಲಮನ್ನು ಮೀರಿ ಪ್ರಕಟವಾದ ಹೆಸರು ಸಂಹಿತೆಯ ಕಣ್ಣಿಗೆ ಸಿಂಧುವೇ. ಎರಡು ಕಾನೂನುಗಳು ಒಂದನ್ನೊಂದು ನೋಡದೆ ಸಾಗುತ್ತಿವೆ.

ಪೆರುವಿನಲ್ಲಿ ಮೊದಲು ಪತ್ತೆಯಾದ ನೆಲೆಯನ್ನು ಸಂಗ್ರಾಹಕರು ಬಹುಬೇಗ ಬರಿದುಮಾಡಿದರು. ಐದು ದಿನ ತಡವಾಗಿ ಬಂದ ಹೆಸರು ಗೆದ್ದಿದ್ದರೂ ಇದು ತಪ್ಪುತ್ತಿತ್ತೆಂದು ತೋರುವುದಿಲ್ಲ. ಪ್ರಥಮ ವಿವರಣೆಯಲ್ಲಿ ನೆಲೆಯನ್ನು ಎಷ್ಟು ಮರೆಮಾಚಬಹುದು, ಮರೆಮಾಚಿದ ಮಾಹಿತಿ ಯಾರ ವಶದಲ್ಲಿರಬೇಕು ಎಂಬುದು ಇನ್ನೂ ಇತ್ಯರ್ಥವಾಗಬೇಕಾದ ಪ್ರಶ್ನೆ.